ಬಚ್ಚಲಮನೆಯ ಬಾಗಿಲು

ಮೊದಲು ಒಂದು ಮಾತು. ಹೋದ ಸಲ ನಾನು ಫೋನಿನಲ್ಲಿ ಮಾತಾಡಿ ಈ ಗುಂಪಿಗೆ ಕಳಿಸಿದ್ದನ್ನು ಕೇಳಿ ಯಾರೋ ನಕ್ಕಿರಂತೆ. "ಮುದುಕನಿಗೆ ಮರೆವು, ಒಬ್ಬರ ಕಥೆ ಇನ್ನೊಬ್ಬರಿಗೆ ಅಂಟಿಸ್ತಾನೆ" ಅಂದಿರಂತೆ. ನಿಮ್ಮ ನೆನಪೆಲ್ಲ ಫೋನಿನ ಹೊಟ್ಟೆಯಲ್ಲಿದೆ. ಬ್ಯಾಟರಿ ಸತ್ತರೆ ಹೆಂಡತಿಯ ನಂಬರೂ ಗೊತ್ತಿಲ್ಲ ನಿಮಗೆ, ನನಗೆ ಹೇಳಲು ಬರುತ್ತೀರಿ! ನಾನು ಕ್ಷೌರ ಮಾಡಿದ ತಲೆ ಒಂದನ್ನೂ ಮರೆತಿಲ್ಲ. ಯಾರ ನೆತ್ತಿಯಲ್ಲಿ ಜೋಡಿ ಸುಳಿ, ಯಾರ ಕಿವಿಯ ಹಿಂದೆ ಹಳೇ ಗಾಯ, ಯಾರು ಗಲ್ಲಕ್ಕೆ ನೊರೆ ಹತ್ತಿದ ಕೂಡಲೇ ಮನೆಯ ಗುಟ್ಟೆಲ್ಲ ಕಕ್ಕುತ್ತಿದ್ದರು, ಎಲ್ಲ ನೆನಪಿದೆ. ಕೇಳುವುದಾದರೆ ಸುಮ್ಮನೆ ಕೇಳಿ. ನಡುವೆ ಹೆಬ್ಬೆರಳಿನ ಚಿತ್ರ ಕಳಿಸಬೇಡಿ, ನನಗೆ ಕೆಮ್ಮು ಬರುತ್ತದೆ.

ಕೆಮ್ಮಿನ ಮಾತು ಆಮೇಲೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇದು ಒಂದು ಬಾಗಿಲಿನ ಕಥೆ. ಬಾಗಿಲೆಂದರೆ ಅರಮನೆಯದಲ್ಲ, ಬಚ್ಚಲಮನೆಯದು. ಸಾಲಾಗಿ ಕಟ್ಟಿದ ಬಾಡಿಗೆ ಮನೆಗಳು, ಎದುರಿಗೆ ಸಾಲಾಗಿ ಬಚ್ಚಲುಗಳು. ನಡುವೆ ಒಂದು ಓಣಿ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಓಣಿಯ ಕೊನೆಯಲ್ಲಿ ಎಲ್ಲರಿಗೂ ಒಂದೇ ನಲ್ಲಿ. ಆ ಸಾಲಿನ ನಡುಮನೆಗೆ ನಾನು ವಾರಕ್ಕೊಮ್ಮೆ ಸಂಜೆ ಹೋಗುತ್ತಿದ್ದೆ, ಯಜಮಾನನ ಗಡ್ಡ ಕೆರೆಯಲು. ಯಜಮಾನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು. ಒಂದು ದಿನ ಮೂಟೆ ಬಿದ್ದದ್ದು ನೆಲಕ್ಕಲ್ಲ, ಅವನ ಬೆನ್ನಿಗೆ. "ಮೆತ್ತನೆ ಹಾಸಿಗೆ ಬೇಡ, ಗಟ್ಟಿ ಜಾಗದ ಮೇಲೆ ಮಲಗಿಸಿ" ಅಂದರು ಡಾಕ್ಟರು. ಮಗ ಪಂಕ್ಚರ್ ಅಂಗಡಿಯಲ್ಲಿ ಟಯರು ಬಿಚ್ಚುವವನು, ಬಿಚ್ಚುವುದರಲ್ಲಿ ಕೈ ಪಳಗಿದೆ. ಬಚ್ಚಲಿನ ಬಾಗಿಲನ್ನೇ ಬಿಚ್ಚಿ ತಂದು, ಇಟ್ಟಿಗೆಗಳ ಮೇಲಿಟ್ಟು, ಅಪ್ಪನನ್ನು ಅದರ ಮೇಲೆ ಮಲಗಿಸಿಬಿಟ್ಟ. "ಬರೋ ತಿಂಗಳು ಬಚ್ಚಲಿಗೆ ತಗಡಿನ ಬಾಗಿಲು ಹಾಕಿಸೋಣ" ಅಂದ. ತಿಂಗಳುಗಳೇನೋ ಬಂದವು, ತಗಡು ಬರಲಿಲ್ಲ. ಬಚ್ಚಲಿಗೆ ಒಂದು ಹಳೇ ಹೊದಿಕೆ ನೇತುಬಿತ್ತು.

ಬಾಗಿಲಿನ ಚಿಲಕ ಬಾಗಿಲಲ್ಲೇ ಉಳಿದಿತ್ತು, ಸರಿಯಾಗಿ ಯಜಮಾನನ ಬಲಗೈ ಪಕ್ಕದಲ್ಲಿ. ಹೊತ್ತು ಹೋಗದಿದ್ದರೆ ಅದನ್ನು ಆಚೆ ಈಚೆ ಎಳೆಯುತ್ತಿದ್ದ. ಟಕ್, ಟಕ್. ನಾನು ಕೆನ್ನೆಗೆ ಕತ್ತಿ ಇಟ್ಟರೂ ನಿಲ್ಲಿಸುತ್ತಿರಲಿಲ್ಲ.

ಆ ಓಣಿಯಲ್ಲಿ ನಡೆಯಲು ಒಂದು ರೀತಿ ಇತ್ತು. ಗಂಡಸರು ಕೆಮ್ಮಿಕೊಂಡು ಬರಬೇಕು. ಹೊದಿಕೆಯ ಹಿಂದೆ ಯಾರಾದರೂ ಹೆಂಗಸಿದ್ದರೆ ಸಾವರಿಸಿಕೊಳ್ಳಲಿ ಅಂತ. ಒಳಗಿದ್ದವಳು ತಿರುಗಿ ಕೆಮ್ಮುತ್ತಿದ್ದಳು. ನಾನಂತೂ ನಲ್ಲಿಗೆ ಹೋಗುವಾಗ ಆಸ್ಪತ್ರೆಗೆ ಹೊರಟವನ ಹಾಗೆ ಕೆಮ್ಮುತ್ತಿದ್ದೆ. ಕೆಮ್ಮದೆ ಇಳಿಯುತ್ತಿದ್ದವನು ಒಬ್ಬನೇ, ಮಹಡಿಯವನು. ಮಾಲೀಕನ ಭಾವಮೈದುನ, ಬಾಡಿಗೆ ವಸೂಲಿ ಅವನದೇ. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತಾನೆ ಅನ್ನುವ ಮಾತಿತ್ತು. ಯಾರೂ ಅವನ ಮುಖಕ್ಕೆ ಅಂದದ್ದಿಲ್ಲ.

ಮನೆಯಲ್ಲಿ ಯಜಮಾನನ ಹೆಂಡತಿ, ಮಗ, ಸೊಸೆ, ಮದುವೆಯಾಗದ ಒಬ್ಬ ಮಗಳು. ಮಗಳು ದರ್ಜಿಯ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಸೊಸೆ ಒಂದು ಲಾಡ್ಜಿನಲ್ಲಿ ರೂಮು ಗುಡಿಸುವವಳು. ಮಾವ ಬಿದ್ದ ಮೇಲೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಅವಳ ಸಂಬಳದಿಂದಲೇ. ಅದು ಎಲ್ಲರಿಗೂ ಗೊತ್ತು, ಯಾರ ಬಾಯಲ್ಲೂ ಬರುವುದಿಲ್ಲ.

ಒಂದು ಸಂಜೆ ನಾನು ಗಡ್ಡಕ್ಕೆ ನೊರೆ ಕಟ್ಟುತ್ತಿದ್ದೆ. ಸೊಸೆ ಕೆಲಸ ಮುಗಿಸಿ ಒಳಗೆ ಬಂದಳು. ಕೂದಲು ಒದ್ದೆ. ಮುಡಿ ಬಿಗಿದಿದ್ದರೂ ಕತ್ತಿನ ಹಿಂದೆ ರವಿಕೆ ನೆನೆದಿತ್ತು. ಹಾದುಹೋದಾಗ ಘಮ್ಮೆಂದಿತು. ಅತ್ತೆ ಬೇಳೆ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ನನ್ನ ಪಕ್ಕಕ್ಕೆ ಸರಿದಳು.

"ಕತ್ತರಿಯಣ್ಣ, ನೀನು ಸೋಪಿನ ಮನುಷ್ಯ. ಹೇಳು, ಇದು ಯಾವ ಸೋಪು?"

"ಗುಲಾಬಿ ಇರಬೇಕಕ್ಕ."

"ನಿನ್ನೆ ನಿಂಬೆ. ಮೊನ್ನೆ ಮಲ್ಲಿಗೆ. ನಮ್ಮನೇಲಿ ಬಟ್ಟೆ ಸೋಪು ಬಿಟ್ರೆ ಇನ್ನೊಂದು ಕಂಡಿದ್ದೀಯಾ? ಮೈಗೂ ಅದೇ, ತಟ್ಟೆಗೂ ಅದೇ. ದಿನಕ್ಕೊಂದು ವಾಸನೆ ಎಲ್ಲಿಂದ ಬರುತ್ತೆ?"

"ಅವಳನ್ನೇ ಕೇಳಬಾರದಾ?"

"ಕೇಳಿ? ಬಾಯಿಬಿಟ್ಟು ಏನಾದ್ರೂ ಹೇಳ್ಬಿಟ್ರೆ? ಮನೇಲಿಟ್ಟುಕೊಳ್ಳೋ ಹಾಗಿಲ್ಲ, ಹೊರಗೆ ಹಾಕೋ ಹಾಗೂ ಇಲ್ಲ. ನಾಳೆ ಅಕ್ಕಿ ನೀನು ತಂದ್ಕೊಡ್ತೀಯಾ?"

ನಾನು ಕತ್ತಿ ಮಸೆದೆ. ಯಜಮಾನ ಚಿಲಕ ಎಳೆದ. ಟಕ್.

ಸುಳ್ಳು ಯಾಕೆ ಹೇಳಲಿ, ನನಗೂ ಅನುಮಾನವೇ. ಲಾಡ್ಜು ಎಂಥ ಜಾಗ ಅಂತ ನನಗೆ ಗೊತ್ತು, ಗಿರಾಕಿಗಳಿಗೆ ಕ್ಷೌರ ಮಾಡಲು ನಾನೂ ಅಲ್ಲಿಗೆ ಹೋಗುತ್ತಿದ್ದೆ. ಬಂದವರು ಯಾರು, ಹೋದವರು ಯಾರು ಅಂತ ಗೋಡೆಗೂ ಗೊತ್ತಿರುವುದಿಲ್ಲ. ಬೆಳಿಗ್ಗೆ ಬೆವರಿಕೊಂಡು ಹೋದ ಹೆಂಗಸು ಸಂಜೆ ಮಿಂದು ಬರುತ್ತಾಳೆ ಅಂದರೆ ಯಾರಿಗೆ ತಾನೇ ಅನ್ನಿಸುವುದಿಲ್ಲ?

ಮುಂದಿನ ವಾರ ಹೋದಾಗ ಊಟಕ್ಕೆ ಕೂತಿದ್ದರು. ಅತ್ತೆ ಮೊಟ್ಟೆಯನ್ನು ದಾರದಿಂದ ಅರ್ಧ ಅರ್ಧ ಕೊಯ್ಯುತ್ತಿದ್ದಳು. ಗಂಡನಿಗೆ ಒಂದು ಅರ್ಧ, ಮಗನಿಗೆ ಒಂದು, ಮಗಳಿಗೆ ಒಂದು. ಸೊಸೆಯ ತಟ್ಟೆಗೆ ಬರೀ ಸಾರು.

ಮಗಳೇ ಕೇಳಿದಳು, "ಅಮ್ಮ, ಅತ್ತಿಗೆಗೆ?"

"ನಿಮ್ಮತ್ತಿಗೆಗೆ ಹೊರಗೇ ಎಲ್ಲ ಸಿಗುತ್ತಂತೆ. ಸ್ನಾನ ಸಿಗುತ್ತೆ, ಮೊಟ್ಟೆ ಸಿಗಲ್ವಾ?"

ಸೊಸೆ ತಲೆ ಎತ್ತಲಿಲ್ಲ. ಅನ್ನ ಕಲಸಿದಳು. ಮಗ ಟಯರಿನ ಮಸಿ ಹತ್ತಿದ ಬೆರಳಿಂದ ಮೊಟ್ಟೆ ಎತ್ತಿ ಬಾಯಿಗಿಟ್ಟುಕೊಂಡು, ಗೋಡೆ ನೋಡುತ್ತಾ, "ಇವತ್ತು ಲಾಡ್ಜಲ್ಲಿ ಯಾರ್‍ಯಾರು ಬಂದಿದ್ರು?" ಅಂದ.

"ಹದಿನಾಲ್ಕನೇ ನಂಬರಿಗೆ ಒಬ್ಬ ಮೇಷ್ಟ್ರು. ಹೆಂಡತಿ ಜೊತೆ."

"ಹೇಗಿದ್ದ?"

"ನಾನು ನೋಡೋದು ಅವರು ಬಿಟ್ಟುಹೋದ ಹಾಸಿಗೇನ ರೀ, ಅವರನ್ನಲ್ಲ."

"ಮಾತು ನೋಡು, ಕತ್ತರಿಗಿಂತ ಚೂಪು" ಅಂದಳು ಅತ್ತೆ. ನನ್ನ ಕಡೆ ತಿರುಗಿ, "ನಿನಗಲ್ಲಪ್ಪ ಹೇಳಿದ್ದು."

ಯಜಮಾನ ತನ್ನ ಅರ್ಧ ಮೊಟ್ಟೆಯನ್ನು ತಿನ್ನದೆ ಹಾಗೇ ಹಿಡಿದುಕೊಂಡಿದ್ದ. ಕೊನೆಗೆ, "ಲೇ ಕತ್ತರಿ, ನನಗೆ ಬೇಡ, ಆ ಹುಡುಗಿ ತಟ್ಟೆಗೆ ಹಾಕು" ಅಂದ. ನಾನು ಕೈ ಚಾಚುವಷ್ಟರಲ್ಲಿ ಅತ್ತೆ ಅದನ್ನೂ ಮಗನ ತಟ್ಟೆಗೆ ಹಾಕಿದಳು.

ಅಲ್ಲಿಂದ ಆ ಮನೆಯಲ್ಲಿ ಮೂಗುಗಳ ರಾಜ್ಯ. ಮಗಳು ಅತ್ತಿಗೆಯ ಸೀರೆ ಮಡಚುವ ನೆಪದಲ್ಲಿ ಮೂಸುತ್ತಿದ್ದಳು. ಅತ್ತೆ ಅವಳ ಕೈಚೀಲ ಕೊಡವುತ್ತಿದ್ದಳು. ಗಂಡ ಲಾಡ್ಜಿನ ಎದುರಿನ ಚಹಾದಂಗಡಿಯಲ್ಲಿ ಕೂತು, ಕೆಲಸ ಬಿಟ್ಟು ಬಂದನೆಂದು ಪಂಕ್ಚರ್ ಅಂಗಡಿಯವನ ಕೈಲಿ ಉಗಿಸಿಕೊಂಡ. ಸಿಕ್ಕಿದ್ದೇನು? ಏನೂ ಇಲ್ಲ. ಏನೂ ಸಿಗದಿದ್ದರೆ ಅನುಮಾನ ಇನ್ನೂ ಕೊಬ್ಬುತ್ತದೆ. "ಎಷ್ಟು ಹುಷಾರಾಗಿದ್ದಾಳೆ ನೋಡು" ಅನ್ನುತ್ತಿದ್ದಳು ಅತ್ತೆ.

ಆಮೇಲೆ ಸಿಕ್ಕಿತು. ಅಕ್ಕಿ ಡಬ್ಬಿಯ ಹಿಂದೆ, ಬಟ್ಟೆಯಲ್ಲಿ ಸುತ್ತಿದ ಒಂದು ಸೋಪು. ಕೆಂಪು, ಹಳದಿ, ಬಿಳಿ, ಸವೆದ ಚೂರುಗಳನ್ನು ಒತ್ತಿ ಒತ್ತಿ ಒಂದೇ ಉಂಡೆ ಮಾಡಿದ್ದು. ಹುಡುಕಿದ್ದು ಮಗಳು. ಆ ಸಂಜೆ ನಾನು ಹೋದಾಗ ಅದು ಯಜಮಾನನ ಕಾಲ ಬಳಿ, ಬಾಗಿಲಿನ ಮೇಲೆಯೇ, ಪೊಲೀಸರು ಹಿಡಿದ ಮಾಲಿನ ಹಾಗೆ ಕೂತಿತ್ತು. ಸೊಸೆ ಒಳಗೆ ಕಾಲಿಡುತ್ತಿದ್ದ ಹಾಗೇ ಶುರುವಾಯಿತು.

"ಮೂರು ಬಣ್ಣ. ಮೂರು ವಾಸನೆ. ಎಷ್ಟು ಜನರ ಸೋಪಮ್ಮ ಇದು?" ಅತ್ತೆ.

"ಗಿರಾಕಿಗಳು ಬಿಟ್ಟುಹೋಗಿದ್ದು."

"ಗಿರಾಕಿಗಳು! ಬಾಯಿ ಬಿಟ್ಟಳು ನೋಡೋ ಮಗನೆ."

"ನಾನು ನಿಮ್ಮ ಮಗಳಿಗೆ ಅಂತ ಮಾಡ್ತಿದ್ದೆ. ಅವಳ ಕೈ ಬಟ್ಟೆ ಸೋಪಿಗೆ ಒಡೆದು ರಕ್ತ ಬರುತ್ತೆ. ಗುಂಡಿ ಹೊಲಿಯೋ ಬಟ್ಟೆಗೆ ಕಲೆ ಆದ್ರೆ ದರ್ಜಿ ಬೈತಾನೆ ಅಂದಿದ್ಳು."

ಮಗಳು ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

ಗಂಡ ಎದ್ದು ನಿಂತ. "ಅದೆಲ್ಲ ಬೇಡ. ನೀನು ಮಿಂದು ಬರೋದು ಎಲ್ಲಿ? ಯಾಕೆ? ಮನೇಲಿ ಬಚ್ಚಲಿಲ್ವಾ?"

"ಹೇಳಿದ್ದೆ ಒಂದು ಸಲ. ಇನ್ನೊಂದು ಸಲ ಹೇಳಲ್ಲ."

"ಯಾವಾಗ ಹೇಳಿದ್ದೆ?"

"ನೆನಪಿಲ್ವಲ್ಲ, ಬಿಡಿ."

"ನಾಳೆಯಿಂದ ಕೆಲಸಕ್ಕೆ ಹೋಗಬೇಡ ನೀನು!"

"ಆಯ್ತು, ಹೋಗಲ್ಲ."

ಅವಳು ಅಷ್ಟು ಸುಲಭವಾಗಿ ಒಪ್ಪುತ್ತಾಳೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಗಂಡ ಅಕ್ಕಿ ಡಬ್ಬಿ ನೋಡಿದ, ಅಮ್ಮನನ್ನು ನೋಡಿದ. ದನಿ ಅರ್ಧಕ್ಕಿಳಿಯಿತು. "ಅಂದ್ರೆ... ಈ ತಿಂಗಳ ಸಂಬಳ ತಗೊಂಡು ಬಿಡು."

ಅವಳು ನಕ್ಕಳು. ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. "ಸಂಬಳ ಬರೋವರೆಗೂ ನಾನು ಒಳ್ಳೆಯವಳಾ ರೀ?"

ಕೈ ಎತ್ತಿದ. ಯಜಮಾನ ಮಲಗಿದ್ದಲ್ಲಿಂದಲೇ, "ಲೋ!" ಅಂದ ರಭಸಕ್ಕೆ ಇಟ್ಟಿಗೆ ಅಲುಗಿತು. ಕೈ ಇಳಿಯಿತು.

ಮರುದಿನ ಅತ್ತೆ ನನ್ನ ಅಂಗಡಿಗೆ ಬಂದಳು. ಗಿರಾಕಿಯ ಮುಖದಲ್ಲಿ ಅರ್ಧ ನೊರೆ ಇತ್ತು. "ಕತ್ತರಿಯಣ್ಣ, ಲಾಡ್ಜಿಗೆ ನಡಿ. ನಾನೊಬ್ಬಳೇ ಹೋದ್ರೆ ನೋಡಿದವರು ನನ್ನನ್ನೇ ಅನ್ಕೋತಾರೆ."

"ಅಕ್ಕ, ನಿಮ್ಮ ವಯಸ್ಸಿಗೆ ಯಾರೂ ಏನೂ ಅನ್ಕೊಳಲ್ಲ."

"ಬಾಯಿ ಮುಚ್ಕೊಂಡು ನಡಿ. ಇದ್ದದ್ದು ಕಣ್ಣಾರೆ ಕಂಡರೆ ಇವತ್ತೇ ಅವಳ ಗಂಟುಮೂಟೆ ಹೊರಗೆ. ಹಸಿವಿಂದ ಸತ್ರೂ ಸರಿ."

ಗಿರಾಕಿಯನ್ನು ಮುಗಿಸಿ ಪೆಟ್ಟಿಗೆ ಎತ್ತಿಕೊಂಡೆ, ಹೋದೆವು. ಹಿಂಬಾಗಿಲ ಮೆಟ್ಟಿಲು ನನಗೆ ಗೊತ್ತು. ಮಧ್ಯಾಹ್ನದ ಹೊತ್ತು, ಗಿರಾಕಿಗಳು ರೂಮು ಖಾಲಿ ಮಾಡಿಹೋದ ಸಮಯ. ಒಂದು ರೂಮಿನ ಮುಂದೆ ಅವಳ ಪೊರಕೆ, ಬಕೆಟ್ಟು. ಒಳಗೆ ಹಾಸಿಗೆಯ ಬಟ್ಟೆಯೆಲ್ಲ ಎಳೆದು ಗುಡ್ಡೆ ಹಾಕಿದೆ. ಬಚ್ಚಲಿನ ಬಾಗಿಲು ಮುಚ್ಚಿದೆ, ನೀರಿನ ಸದ್ದು. ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ, ಸಿಕ್ಕಳು ಅನ್ನುವ ಸಂತೋಷವೂ ಇತ್ತು, ಸಿಗಬಾರದಿತ್ತು ಅನ್ನುವ ಹೆದರಿಕೆಯೂ ಇತ್ತು. ಬಾಗಿಲು ಬಡಿದಳು.

"ಯಾರೇ ಒಳಗೆ?"

ನೀರು ನಿಂತಿತು. "ನಾನು ಅತ್ತೆ."

"ಇನ್ನು ಯಾರು?"

"ಇನ್ನು ಯಾರು ಇರ್ತಾರೆ?"

"ತೆಗಿ!"

ಸೀರೆ ಸುತ್ತಿಕೊಳ್ಳುವಷ್ಟು ಹೊತ್ತು. ಚಿಲಕ ಸರಿಯಿತು. ಅತ್ತೆ ನುಗ್ಗಿ ಬಾಗಿಲ ಹಿಂದೆ ನೋಡಿದಳು, ಮೇಲೆ ಕಿಟಕಿ ನೋಡಿದಳು, ಕೊನೆಗೆ ಬಕೆಟ್ಟಿನೊಳಗೂ ಇಣುಕಿದಳು. ಅದರಲ್ಲಿ ಯಾರು ಹಿಡಿಸುತ್ತಾರೋ, ದೇವರೇ ಬಲ್ಲ.

"ಇಲ್ಲಿ ಯಾಕೆ ಮೀತೀಯ? ಮನೇಲಿ ಏನು ರೋಗ?"

ಸೊಸೆ ಒದ್ದೆ ಕೂದಲು ಹಿಂಡುತ್ತಾ ಹೇಳಿದಳು. "ಇಲ್ಲಿ ಚಿಲಕ ಇದೆ ಅತ್ತೆ."

ಅತ್ತೆ ತಿರುಗಿ ಬಾಗಿಲು ನೋಡಿದಳು.

"ಮಹಡಿಯವನು ಕೆಮ್ಮಲ್ಲ, ಒಂಚೂರು ಹೊದಿಕೆ ಹಿಡ್ಕೊಳ್ಳಿ ಅಂತ ಕೇಳಿದ್ದೆ. ನೀವು, 'ನನಗೆ ಬೇಳೆ ಬೇಯಿಸೋದಿದೆ' ಅಂದ್ರಿ. ನಿಮ್ಮ ಮಗನ್ನ ಕೇಳಿದೆ. 'ನಿನ್ನನ್ನು ಯಾರು ನೋಡ್ತಾರೆ' ಅಂತ ನಕ್ರು. ನೀವೂ ನಕ್ರಿ. ಆಮೇಲೆ ಒಂದಿನ ಮೈಮೇಲೆ ನೀರು ಹಾಕ್ಕೊಂಡು ಕಣ್ಣು ಬಿಟ್ಟರೆ ಹೊದಿಕೆ ಪಕ್ಕದಲ್ಲಿ ಅವನ ಕಾಲು ಕಾಣಿಸ್ತು. ಬರಿಗಾಲು. ಅವತ್ತಿಂದ ಅಲ್ಲಿ ಮಿಂದಿಲ್ಲ."

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನಾನು ಇರಬಾರದ ಜಾಗ ಅದು. ಹಿಂದೆ ಟಕ್ ಅಂತ ಸದ್ದಾಯಿತು. ಅತ್ತೆ ಚಿಲಕ ಎಳೆದು ನೋಡುತ್ತಿದ್ದಳು. ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ನೀನು ಆಚೆ ನಿಲ್ಲು" ಅಂದಳು ಸೊಸೆಗೆ.

"ಯಾಕತ್ತೆ?"

"ನಿಲ್ಲು ಅಂದೆ."

ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನೀರು ಬಿಟ್ಟಳು. ನೀವು ಯಾರಾದರೂ ಅಂಥ ಸ್ನಾನದ ಸದ್ದು ಕೇಳಿದ್ದೀರೋ ಇಲ್ಲವೋ. ಮಗ್ಗಿನ ಮೇಲೆ ಮಗ್ಗು, ಮಗ್ಗಿನ ಮೇಲೆ ಮಗ್ಗು. ಆ ಹೆಂಗಸು ಯಜಮಾನ ಬಿದ್ದಾಗಿನಿಂದ ಉಟ್ಟ ಬಟ್ಟೆ ಬಿಚ್ಚದೆ, ಕತ್ತಲಲ್ಲಿ, ಅವಸರದಲ್ಲಿ ಎರಡು ಚೊಂಬು ಸುರಿದುಕೊಂಡು ಬದುಕಿದವಳು. ಸೊಸೆ ಮೆಲ್ಲಗೆ, "ಅತ್ತೆ, ಬೇಗ, ಮ್ಯಾನೇಜರು ಬರ್ತಾರೆ" ಅಂದಳು. ಒಳಗೆ ಇನ್ನೊಂದು ಮಗ್ಗು ಬಿತ್ತು.

ಬಂದೇ ಬಿಟ್ಟ. ಮೀಸೆ ಕತ್ತರಿಸಿದ್ದು ನಾನೇ, ಗುರುತಿದೆ. "ಒಳಗೆ ಯಾರು?"

ನಾನು ಅಂದೆ, "ಗಿರಾಕಿ ಸ್ವಾಮಿ. ಸ್ನಾನ ಆದಮೇಲೆ ಗಡ್ಡ ಮಾಡಬೇಕು, ಕಾಯ್ತಿದ್ದೀನಿ."

ಅಷ್ಟರಲ್ಲಿ ಒಳಗಿಂದ ಅತ್ತೆ ಕೆಮ್ಮಿದಳು. ಗಂಡಸಿನ ದನಿ ಕೇಳಿದ ಕೂಡಲೇ ಒಳಗೆ ಜನ ಇದ್ದಾರೆ ಅಂತ ತಿಳಿಸುವ ಓಣಿಯ ಅಭ್ಯಾಸ. ಹೆಂಗಸಿನ ಕೆಮ್ಮು, ತೆಳ್ಳಗೆ, ಉದ್ದಕ್ಕೆ.

ಮ್ಯಾನೇಜರು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾವಾಗಿಂದ ಹೆಂಗಸರ ಗಡ್ಡ ಮಾಡ್ತಿದ್ದೀಯಾ?"

ಅಲ್ಲಿಗೆ ಮುಗಿಯಿತು. ಅತ್ತೆ ಹೊರಗೆ ಬರುವ ಹೊತ್ತಿಗೆ ಸೊಸೆಯ ಕೆಲಸ ಹೋಗಿತ್ತು. "ಲಾಡ್ಜಿನ ನೀರು ಕದ್ದವಳು, ಸೋಪು ಕದ್ದವಳು, ಮನೆಮಂದಿಯನ್ನೆಲ್ಲ ಕರ್ಕೊಂಡು ಬಂದು ಮೀಯಿಸ್ತಾಳೆ" ಅಂತ ಮೆಟ್ಟಿಲವರೆಗೂ ಕೂಗಿದ. ಸೊಸೆ ತಲೆ ತಗ್ಗಿಸಿ ಪೊರಕೆ ಗೋಡೆಗಾನಿಸಿದಳು. ಅತ್ತೆ ಮಾತ್ರ ತಿರುಗಿ ನಿಂತಳು.

"ನೀರು ಕದ್ದಿದ್ದು ನಾನು. ಇಲ್ಲಿದೆ ನೋಡಪ್ಪ, ತಲೇಲಿ. ಹಿಂಡಿ ಕೊಡಲಾ?"

ದಾರಿಯುದ್ದಕ್ಕೂ ಅತ್ತೆಯ ಕೂದಲಿಂದ ನಿಂಬೆಯ ವಾಸನೆ ಬರುತ್ತಿತ್ತು.

ಮನೆಯಲ್ಲಿ ಮಗ ಊಟಕ್ಕೆ ಬಂದು ಕಾಯುತ್ತಿದ್ದ. ಹೆಂಡತಿಯ ಒದ್ದೆ ತಲೆ ನೋಡಿದ, ಅಮ್ಮನ ಒದ್ದೆ ತಲೆ ನೋಡಿದ, ಆಮೇಲೆ ನನ್ನ ಕಡೆ ನೋಡಿದ. ನನ್ನದು ಬೋಳು, ಬಚಾವಾದೆ.

"ಏನಮ್ಮ ಇದು? ನೀನೂನಾ?"

"ಹೂಂ ಕಣೋ, ನಾನೂನು. ಚೆನ್ನಾಗಿತ್ತು. ಇವಳ ಕೆಲಸ ಕಳೆದು ಬಂದೆ."

"ಕೆಲಸ ಹೋಯ್ತಾ? ಇನ್ನು ತಿನ್ನೋದೇನು?"

"ಅದನ್ನ ಆಮೇಲೆ ನೋಡೋಣ. ಮೊದಲು ಆ ಬಾಗಿಲು ತಗೊಂಡು ಹೋಗಿ ಹಾಕು."

"ಯಾವ ಬಾಗಿಲು? ಅಪ್ಪ ಮಲಗಿರೋದಾ? ತಲೆ ಕೆಟ್ಟಿದೆಯಾ ನಿನಗೆ? ಮನೆ ಯಜಮಾನನ್ನ ನೆಲದ ಮೇಲೆ ಮಲಗಿಸಿದ್ರೆ ನೋಡಿದವರು ಏನಂತಾರೆ? ಅಪ್ಪನ ಮರ್ಯಾದೆ?"

ಅತ್ತೆ ಆಗ ಸೊಸೆಯ ಮಾತನ್ನೆಲ್ಲ ಒಂದೂ ಬಿಡದೆ ಹೇಳಿದಳು. ಬರಿಗಾಲಿನವರೆಗೂ. ಮಗ ನಡುನಡುವೆ, "ಅವನ ಕಾಲೇ ಅಂತ ಹೇಗೆ ಗೊತ್ತು", "ಮತ್ತೆ ಸೋಪು", ಅಂತ ಏನೇನೋ ಎಳೆದ. ಚಿಲಕದ ಸದ್ದು ನಿಂತಿತ್ತು. ನಾನು ನೋಡಿದೆ, ಯಜಮಾನ ಕೈ ಎದೆಯ ಮೇಲೆ ಎತ್ತಿಟ್ಟುಕೊಂಡಿದ್ದ, ಆ ಕಬ್ಬಿಣ ಸುಡುತ್ತದೆ ಅನ್ನುವ ಹಾಗೆ.

"ನನ್ನ ಇಳಿಸ್ರೋ" ಅಂದ.

"ಅಪ್ಪ, ಡಾಕ್ಟರು ಗಟ್ಟಿ ಜಾಗ ಅಂತ..."

"ನೆಲಕ್ಕಿಂತ ಗಟ್ಟಿ ಯಾವುದಿದೆಯೋ, ಪೆದ್ದ ಮುಂಡೇದೆ? ಇಷ್ಟು ದಿನ ಮನೆ ಹೆಂಗಸರ ಬಾಗಿಲ ಮೇಲೆ ಮಲಗಿಸಿದ್ದೀಯ ನನ್ನ. ಚಿಲಕ ಆಡಿಸ್ಕೊಂಡು ಬಿದ್ದಿದ್ದೀನಿ. ಇಳಿಸು!"

ನಾನು ತಲೆಯ ಕಡೆ, ಮಗ ಕಾಲಿನ ಕಡೆ. ಗೋಣಿಚೀಲ ಹಾಸಿ ನೆಲದ ಮೇಲೆ ಮಲಗಿಸಿದೆವು. ನೆಲಕ್ಕೆ ತಾಗಿದ ಕೂಡಲೇ ಮುಖ ಹಿಂಡಿತು, ತುಟಿ ಕಚ್ಚಿದ. ಮಗ ಗೊಣಗಿಕೊಂಡೇ ಬಾಗಿಲು ಹೊತ್ತ. ಗೊಣಗಿಕೊಂಡೇ ಕೀಲಿಗೆ ಮೊಳೆ ಹೊಡೆದ. ನಾನು ಹಿಡಿದುಕೊಂಡೆ. ಓಣಿಯ ಹೆಂಗಸರೆಲ್ಲ ಕೊಡ ಕೆಳಗಿಟ್ಟು ನೋಡುತ್ತಾ ನಿಂತರು, ಏನು ನಡೀತಿದೆ ಇಲ್ಲಿ ಅಂತ.

ಮಗಳು ಓಡಿಬಂದಳು. "ಅಮ್ಮ, ಮೊದಲು ನಾನು!"

"ಸುಮ್ನಿರು. ಮೊದಲು ನಿಮ್ಮತ್ತಿಗೆ."

"ಇವತ್ತು ಆಗ್ಲೇ ಮಿಂದಿದ್ದೀನಿ ಅತ್ತೆ."

"ಮಿಂದ್ರೇನಾಯ್ತು? ಹೋಗು."

ಸೊಸೆ ಒಳಗೆ ಹೋದಳು. ಚಿಲಕ ಬಿತ್ತು. ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತಳು. ಆಗಲೇ ಮಹಡಿಯಿಂದ ಅವನು ಇಳಿದ. ಸದ್ದಿಲ್ಲ. ಬರಿಗಾಲು. ಅತ್ತೆ ಆ ಕಾಲುಗಳನ್ನು ನೋಡಿದಳು, ಆಮೇಲೆ ಮುಖ ನೋಡಿದಳು. ಆ ತಿಂಗಳ ಬಾಡಿಗೆ ಇನ್ನೂ ಕೊಟ್ಟಿರಲಿಲ್ಲ, ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು.

"ಏನಪ್ಪಾ, ಗಂಟಲು ಕಟ್ಟಿದೆಯಾ? ಕೆಮ್ಮೋಕೆ ಬರಲ್ವಾ? ಕಲಿಸ್ಕೊಡಲಾ, ಎಲ್ಲರ ಮುಂದೆ?"

ನಲ್ಲಿಯ ಹತ್ತಿರದಿಂದ ಒಬ್ಬಳು ಕೆಮ್ಮಿದಳು. ಇನ್ನೊಬ್ಬಳು ಕೆಮ್ಮಿದಳು. ಆಮೇಲೆ ಕೊಡ ಹಿಡಿದ ಹೆಂಗಸರೆಲ್ಲ ಸೇರಿ ಕೆಮ್ಮಿದರು ನೋಡಿ, ಬಂದ ದಾರಿಯಲ್ಲೇ ಮೆಟ್ಟಿಲು ಹತ್ತಿದ ಆಸಾಮಿ. ಆಮೇಲೆ ಬಾಡಿಗೆಗೆ ಕಾಟ ಕೊಟ್ಟ, ನಲ್ಲಿಗೆ ಬೀಗ ಹಾಕಿಸುತ್ತೇನೆ ಅಂದ. ಸೊಸೆಗೆ ಊಟದ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸ ಸಿಕ್ಕಿತು, ಸಂಬಳ ಕಮ್ಮಿ. ಅತ್ತೆಯೂ ಅವಳ ಪಕ್ಕದಲ್ಲೇ ಕೂತು ತೊಳೆದಳು. ಯಜಮಾನನ ಬೆನ್ನು ನೆಲದ ತಂಡಿಗೆ ಇನ್ನಷ್ಟು ಹಿಡಿಯಿತು. ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ.

ಆ ದಿನ ಬಾಗಿಲ ಮುಂದೆ ನಾನು ನನ್ನ ಪೆಟ್ಟಿಗೆ ಎತ್ತಿಕೊಂಡು ಹೊರಟಿದ್ದೆ. ಸೊಸೆ ಒಳಗೆ ಹೋಗಿ ಬಹಳ ಹೊತ್ತಾಗಿತ್ತು. ಮಗ ಸುತ್ತಿಗೆ ಹಿಡಿದು ನಿಂತೇ ಇದ್ದ. ಕಿವಿ ಬಾಗಿಲ ಕಡೆಗೇ. ಅನುಮಾನ ಅನ್ನುವುದು ಅವನಿಗೆ ಟಯರಿನ ಮಸಿಯ ಹಾಗೆ, ಎಷ್ಟು ತೊಳೆದರೂ ಉಗುರಲ್ಲಿ ಉಳಿಯುತ್ತಿತ್ತು.

"ಅಮ್ಮ, ನೀರಿನ ಸದ್ದೇ ಇಲ್ಲ. ಒಳಗೆ ಏನ್ ಮಾಡ್ತಿದ್ದಾಳೆ ಅವಳು?"

ಅತ್ತೆ ಕೂತಲ್ಲಿಂದ ಏಳಲಿಲ್ಲ. "ಚಿಲಕ ಹಾಕ್ಕೊಂಡು ಕೂತಿದ್ದಾಳೆ" ಅಂದಳು. "ಕೂತಿರ್ಲಿ ಬಿಡು."

ಅಷ್ಟೇ. ನನ್ನ ಗಂಟಲು ಒಣಗಿತು. ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ನಿಮ್ಮ ಗುಂಪಿನಲ್ಲಿರುವ ಗಂಡಸರಿಗೆಲ್ಲ ಕಳಿಸಿ, ಅವರು ಇನ್ನೊಬ್ಬರಿಗೆ ಕಳಿಸಲಿ. ಕೇಳುವ ಮನೆಯಲ್ಲಿ ಯಾರಾದರೂ ಹೆಂಗಸು ಬಚ್ಚಲಲ್ಲಿದ್ದರೆ, ಒಂದು ಸಲ ಕೆಮ್ಮಿ ಆಮೇಲೆ ನನ್ನ ದನಿ ಹಾಕಿ.